ಬರಿನೀರಿನ ಕೊಳವೆ

"ಸರ್, ಬರೀ ನೀರು ಹಾಕಿದ ಈ ಕೊಳವೆಯನ್ನು ಪ್ರತಿ ಸಲವೂ ಪರೀಕ್ಷೆಗೆ ಯಾಕೆ ಇಡಬೇಕು? ಏನೂ ಇಲ್ಲದ್ದರಲ್ಲಿ ಏನು ತಾನೇ ಕಾಣುತ್ತದೆ?" ಎಂದು ವನಜಾಕ್ಷಿ ಕೇಳಿದಳು. ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವಳು.

ಅವಳಿಗೆ ಕೆಲಸ ಕಲಿಸುತ್ತಿದ್ದ ಶಾಂತವೀರಯ್ಯ ಮೇಷ್ಟ್ರು ಕನ್ನಡಕ ತೆಗೆದರು. "ಕೂತುಕೋ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮಿಲಿಟರಿ ಹೋಟೆಲಿನವನಿದ್ದ. ಅವನ ಮುದ್ದೆ, ಕಾಲುಸೂಪು ಉಣ್ಣಲು ಊರಿನ ಅರ್ಧ ಜನ ಮುಂಬಾಗಿಲಿನಿಂದ ಬರುತ್ತಿದ್ದರು. ಉಳಿದರ್ಧ ಜನ ಹಿಂಬಾಗಿಲಿನಿಂದ ಬರುತ್ತಿದ್ದರು. ಬೇರೆಲ್ಲ ಕಡೆಗಿಂತ ಅವನಲ್ಲಿ ಊಟ ಅಗ್ಗ. ಇಷ್ಟು ಅಗ್ಗಕ್ಕೆ ಕುರಿ ಎಲ್ಲಿ ಸಿಗುತ್ತದೆ ಎಂಬ ಮಾತು ಹುಟ್ಟಿತು. ಬಸ್ ನಿಲ್ದಾಣದ ಬೀದಿನಾಯಿಗಳು ಈಚೆಗೆ ಕಾಣುತ್ತಿಲ್ಲ ಎಂದರು. ಹೋಟೆಲಿನ ಹಿತ್ತಲಲ್ಲಿ ಬಾಲ ಬಿದ್ದಿತ್ತು ಎಂದರು. ದೂರು ಹೋಯಿತು. ಅವನ ಅಡುಗೆಮನೆಯ ಮಾಂಸವನ್ನು ಡಬ್ಬಿಯಲ್ಲಿ ಹಾಕಿ, ಮೊಹರು ಒತ್ತಿ, ಪ್ರಯೋಗಾಲಯಕ್ಕೆ ಕಳಿಸಿದರು.

ಅಲ್ಲಿ ಒಬ್ಬ ಪರೀಕ್ಷಕನಿದ್ದ. ದಡ್ಡನಲ್ಲ, ಕೆಟ್ಟವನೂ ಅಲ್ಲ. ಆದರೆ ಆ ದಿನ ಮನೆಯಲ್ಲಿ ಮಾತು ಕೇಳಿಸಿಕೊಂಡು ಬಂದಿದ್ದ. ಹಿಂದಿನ ತಿಂಗಳು ಮಗಳ ನಾಮಕರಣದ ಮಾರನೆಯ ದಿನ ಬೀಗರಿಗೆಲ್ಲ ಅದೇ ಹೋಟೆಲಿನಿಂದ ಊಟ ತರಿಸಿದ್ದ. ಬೆಳಿಗ್ಗೆ ಹೆಂಡತಿ ಕಾಫಿ ಲೋಟ ಕುಕ್ಕಿ, "ನಮ್ಮಪ್ಪನ ಎಲೆಗೆ ನಾಯಿ ಬಡಿಸಿದಿರಲ್ಲ, ಇನ್ನು ಯಾವ ಮುಖ ಹೊತ್ತು ತವರಿಗೆ ಹೋಗಲಿ?" ಎಂದಿದ್ದಳು. ಆ ಮಾತನ್ನು ಹೊತ್ತುಕೊಂಡೇ ಅವನು ಕೆಲಸಕ್ಕೆ ಕೂತ.

ಹೋಲಿಸಿ ನೋಡಲು ನಿಜವಾದ ನಾಯಿಮಾಂಸದ ಮಾದರಿಯೊಂದನ್ನು ಪ್ರಯೋಗಾಲಯದಲ್ಲಿ ಇಟ್ಟಿರುತ್ತಾರೆ. ಅದನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕು. ಅವನು ಮೊದಲು ಮುಟ್ಟಿದ. ಆಮೇಲೆ, ಹನಿ ಎಳೆದು ಬಿಡುವ ಪಿಪೆಟ್ಟಿನ ತುದಿ ಬದಲಿಸಬೇಕು. ಎಲ್ಲ ಕೊಳವೆಗೂ ಹಾಕುವ ನೀರಿನ ಸೀಸೆಗೆ ಅವನು ಅದೇ ತುದಿಯನ್ನು ಅದ್ದಿದ. ಕಣ್ಣಿಗೆ ಕಾಣುವ ಕೊಳೆಯಾಗಿದ್ದರೆ ಒರೆಸುತ್ತಿದ್ದ. ಕಾಣಲಿಲ್ಲ.

ಕೊಳವೆಗಳನ್ನು ಯಂತ್ರದಲ್ಲಿಟ್ಟ. ಅದು ಕಾಯಿಸಿತು, ಆರಿಸಿತು, ಎಳ್ಳಷ್ಟಿದ್ದ ನಾಯಿಯ ಅಂಶವನ್ನು ಗುಡ್ಡ ಮಾಡಿತು. ಆಮೇಲೆ ಜೆಲ್ ಎಂಬ ಲೋಳೆಯಂಥ ಹಾಳೆಯಲ್ಲಿ ಒಂದೊಂದು ಕೊಳವೆಯದನ್ನು ಒಂದೊಂದು ಸಾಲಾಗಿ ಹರಿಸಿ ನೀಲಿ ಬೆಳಕಿಗೆ ಹಿಡಿದ. ಹೋಟೆಲಿನ ಮಾಂಸದ ಸಾಲಿನಲ್ಲಿ ನಾಯಿಯ ಪಟ್ಟಿ ಹೊಳೆಯಿತು. ಅಂಚಿನಲ್ಲಿದ್ದ ಬರಿನೀರಿನ ಸಾಲಿನಲ್ಲೂ ಅದೇ ಪಟ್ಟಿ ಹೊಳೆಯಿತು.

ಅದನ್ನು ಅವನು ನೋಡಿದ. ನೋಡಲಿಲ್ಲ ಎನ್ನುವಂತಿಲ್ಲ. ನೀರಿನ ಸಾಲು ಹಾಗೆ ಹೊಳೆದರೆ ಇಡೀ ಪರೀಕ್ಷೆಯನ್ನೇ ಚೆಲ್ಲಿ ಹೊಸದಾಗಿ ಮಾಡಬೇಕು. ಹೊರಗೆ ಗೇಟಿನ ಹತ್ತಿರ ಜನ ನಿಂತಿದ್ದರು. ಗೊತ್ತಿರುವ ಸಂಗತಿಗೆ ಎರಡೆರಡು ಸಲ ಪರೀಕ್ಷೆ ಯಾಕೆ ಅನ್ನಿಸಿತು. ಚಿತ್ರದ ಅಂಚನ್ನು ಕತ್ತರಿಸಿ, ವರದಿಗೆ ಅಂಟಿಸಿ, ಸಹಿ ಹಾಕಿದ.

ಜನ ಹೋಟೆಲಿನ ಹಂಡೆಗಳನ್ನು ಬೀದಿಗೆ ಉರುಳಿಸಿದರು. ಹಿಂಬಾಗಿಲಿನಿಂದ ಬರುತ್ತಿದ್ದವರೇ ಮುಂದಿದ್ದರು. ಹೋಟೆಲಿನವ ಚೆಲ್ಲಿದ ಸಾರಿನ ನಡುವೆ ಕೂತು, ಬೀದಿಯಲ್ಲಿದ್ದ ಮಾಂಸವನ್ನೇ ಕೈಯಲ್ಲಿ ಎತ್ತಿ ತಿಂದ. "ನೋಡಿ, ನಾನೂ ತಿನ್ನುತ್ತೇನೆ" ಎಂದ. ನಾಚಿಕೆಯಿಲ್ಲದೆ ನಾಯಿ ತಿನ್ನುತ್ತಾನೆ ಎಂದು ಜನ ಉಗಿದರು. ಆ ವಾರ ಕಳೆಯುವ ಮೊದಲೇ ಅವನು ಹಿತ್ತಲ ಬಾವಿಯಲ್ಲಿ ಹೆಣವಾಗಿ ತೇಲಿದ. ತಪ್ಪಿತಸ್ಥನೇ ಸರಿ, ಇಲ್ಲದಿದ್ದರೆ ಯಾಕೆ ಬೀಳುತ್ತಿದ್ದ ಎಂದು ಊರು ಅದಕ್ಕೂ ಅರ್ಥ ಹೇಳಿತು.

ಮುಂದೆ ಬೇರೊಂದು ಊರಿನ ಮಾಂಸ ಪರೀಕ್ಷೆಗೆ ಬಂತು. ಪರೀಕ್ಷಕ ನೋಡಿದ, ಅದೂ ನಾಯಿ. ಆಮೇಲೆ ಯಾರೋ ಕೋಳಿಮಾಂಸ ಕಳಿಸಿದರು. ಅದೂ ನಾಯಿ. ಕೋಳಿಯೂ ನಾಯಿಯಾದಾಗ ತಾನು ಕತ್ತರಿಸಿದ ಅಂಚು ಅವನಿಗೆ ನೆನಪಾಯಿತು. ಸೀಸೆಯ ನೀರನ್ನು ಚೆಲ್ಲಿದ. ಹೊಸ ನೀರು, ಹೊಸ ತುದಿ ತೆಗೆದುಕೊಂಡು, ಹೋಟೆಲಿನ ಡಬ್ಬಿಯಲ್ಲಿ ಉಳಿದಿದ್ದ ಚೂರನ್ನು ಮತ್ತೆ ಪರೀಕ್ಷಿಸಿದ. ನಾಯಿ ಎಲ್ಲಿಯೂ ಇರಲಿಲ್ಲ. ಅದು ಕುರಿ, ಬರೀ ಕುರಿ.

ಹೊಸ ವರದಿ ಬರೆದುಕೊಂಡು ಹೋಟೆಲಿನವನ ಹೆಂಡತಿಯ ಮುಂದೆ ಹೋಗಿ ನಿಂತ. "ತಪ್ಪು ನನ್ನದೇ, ತಾಯಿ. ಇದನ್ನು ಊರಿಗೆ ತೋರಿಸಿ" ಎಂದ.

ಆಕೆ ಕಾಗದ ಮುಟ್ಟಲಿಲ್ಲ. "ಯಾರಿಗೆ ತೋರಿಸಲಿ ಸ್ವಾಮಿ? ನನ್ನ ಗಂಡ ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದಾಗ ಯಾರೂ ನಂಬಲಿಲ್ಲ. ಈಗ ನೀವು ಬರೆದುಕೊಟ್ಟಿರಿ ಎಂದರೆ, ಇವಳಿಗೂ ಆ ಪರೀಕ್ಷೆಯವನಿಗೂ ಏನೋ ಇದೆ ಎನ್ನುತ್ತಾರೆ. ಬಾಗಿಲಲ್ಲಿ ನಿಲ್ಲಬೇಡಿ. ಎದುರುಮನೆಯವರು ಆಗಲೇ ಹೊರಗೆ ಬಂದರು" ಎಂದಳು.

ಅವನು ಹಿಂತಿರುಗಿ ನೋಡಿದ. ಎದುರುಮನೆಯವರು ನಿಜವಾಗಿಯೂ ಹೊರಗೆ ಬಂದಿದ್ದರು.

ಮೇಷ್ಟ್ರು ಕತೆ ನಿಲ್ಲಿಸಿದರು. ವನಜಾಕ್ಷಿಯ ಮುಖ ಕೆಂಪಾಗಿತ್ತು.

"ಎಂಥ ಮನುಷ್ಯ ಸರ್ ಅವನು! ಕಣ್ಣೆದುರಿಗೆ ಕಂಡದ್ದನ್ನು ಕತ್ತರಿಸಿದನಲ್ಲ. ನಾನಾಗಿದ್ದರೆ ಖಂಡಿತ ಹಾಗೆ ಮಾಡುತ್ತಿರಲಿಲ್ಲ."

"ಅದು ಕುರಿಯೇ ಇರಬಹುದು ಅಂತ, ನಾನು ಹೇಳುವ ಮುಂಚೆ, ನಿನಗೆ ಒಂದು ಸಲವಾದರೂ ಅನ್ನಿಸಿತ್ತೇನಮ್ಮಾ?" ಎಂದರು ಮೇಷ್ಟ್ರು.