ಮೇನ್ ಇಳಿಸದ ಮನೆ

ಶಿಷ್ಯ ರೇವಣಸಿದ್ಧ ಒಂದು ಸಂಜೆ ಗುರುಗಳ ಮುಂದೆ ಬಂದು ಕೇಳಿದ: “ಅಜ್ಜಯ್ಯ, ಗೊತ್ತಿಲ್ಲದೆ ಮಾಡಿದ ತಪ್ಪು ಮಾಡಿದವನಿಗೆ ತಗಲುತ್ತದೆಯೇ?”

“ಏನು ಮಾಡಿದ್ದೀಯಾ?” ಎಂದರು ಅಜ್ಜಯ್ಯ.

“ಏನೂ ಮಾಡಿಲ್ಲ. ಸುಮ್ಮನೆ ಕೇಳಿದೆ.”

“ಸುಮ್ಮನೆ ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಕತೆ ಹೇಳುತ್ತೇನೆ. ಈ ಕತೆಯನ್ನು ನನ್ನಷ್ಟು ಕರಾರುವಾಕ್ಕಾಗಿ ಹೇಳುವವರು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಅಲ್ಲಿದ್ದವರೆಲ್ಲ ಗೊಂದಲಕ್ಕೆ ಬಿದ್ದರು. ನಾನು ಅಲ್ಲಿರಲಿಲ್ಲ. ಹಾಗಾಗಿ ನನಗೆ ಎಲ್ಲವೂ ಸ್ಪಷ್ಟವಾಗಿದೆ.”

ರೇವಣಸಿದ್ಧ ಕುಳಿತ. ಅಜ್ಜಯ್ಯ ಬೆರಳೆತ್ತಿದರು.

“ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕತೆಯಲ್ಲಿ ಒಬ್ಬ ಲೈನ್‌ಮನ್ ಇದ್ದಾನೆ. ಅವನು ಕಂಬ ಹತ್ತಬೇಕು. ಮಾತಿನ ಭರದಲ್ಲಿ ನಾನು ಅವನನ್ನು ಮರೆತರೂ ನೀನು ಮರೆಯಬೇಡ. ಇದರಲ್ಲಿ ಯಾರ ಜೀವವಾದರೂ ಹೋಗುವುದಿದ್ದರೆ ಅದು ಅವನದು.”

ಆಮೇಲೆ ಅವರು ಹೇಳಿದ ಕತೆ ಇದು.

ಒಂದು ಊರಿನ ಅಂಚಿನಲ್ಲಿ ಹನ್ನೆರಡು ಮನೆಗಳ ಒಂದು ಓಣಿ ಇತ್ತು. ಆ ವರ್ಷ ಪುಷ್ಯ ಮಾಸದಲ್ಲಿ ವಿಪರೀತ ಚಳಿ. ಕೊಬ್ಬರಿ ಎಣ್ಣೆಯನ್ನು ಸುತ್ತಿಗೆಯಿಂದ ಒಡೆದು ತಲೆಗೆ ಹಚ್ಚಿಕೊಳ್ಳುತ್ತಿದ್ದರು. ಎಮ್ಮೆಗಳು ಹಾಲು ಕೊಡುವ ಮೊದಲು ಕಂಬಳಿ ಕೇಳುತ್ತಿದ್ದವು. ನಾನು ಮಾತ್ರ ಆ ಚಳಿಯಲ್ಲೂ ತಣ್ಣೀರಿನಲ್ಲೇ ಸ್ನಾನ ಮಾಡುತ್ತಿದ್ದೆ. ನಡುಗುತ್ತಿದ್ದುದು ನೀರು.

ಒಂದು ಬೆಳಿಗ್ಗೆ ಓಣಿಯವರೆಲ್ಲ ಒಂದೇ ಹೊತ್ತಿಗೆ ಬಕೆಟ್ಟಿಗೆ ನೀರು ಕಾಯಿಸುವ ಕಾಯಿಲ್ ಇಳಿಬಿಟ್ಟರು. ಓಣಿಯ ಟ್ರಾನ್ಸ್‌ಫಾರ್ಮರ್ ಒಂದು ಸಲ ಕೆಮ್ಮಿತು. ಎರಡನೆಯ ಸಲ ಕೆಮ್ಮಲಿಲ್ಲ, ಸುಟ್ಟುಹೋಯಿತು. ಲೈನ್‌ಮನ್ ಬಂದು ಅದನ್ನು ಕೆಳಗಿಳಿಸಿ ಟ್ರಾಕ್ಟರಿಗೆ ಹಾಕಿಕೊಂಡು ಪಟ್ಟಣಕ್ಕೆ ಹೋದ.

“ನಾಳೆ ಬರುತ್ತದೆಯೇನಪ್ಪಾ?” ಎಂದು ಓಣಿಯವರು ಕೇಳಿದರು.

“ನಾನಂತೂ ಅದರ ಪಕ್ಕದಲ್ಲೇ ಮಲಗುತ್ತೇನೆ. ಬಿಟ್ಟು ಬಂದರೆ ನಿಮ್ಮದನ್ನು ಹಿಂದಕ್ಕೆ ತಳ್ಳಿ ಬೇರೆ ಊರಿನದನ್ನು ರಿಪೇರಿ ಮಾಡುತ್ತಾರೆ” ಎಂದ ಲೈನ್‌ಮನ್.

ಹೇಳಿದಂತೆ ಅವನು ಅಲ್ಲೇ ಮಲಗಿದ. ಇತ್ತ ಓಣಿ ಕತ್ತಲಲ್ಲಿ ಕುಳಿತಿತು.

ಆ ಓಣಿಯ ಕೊನೆಯ ಮನೆ ಒಬ್ಬ ವರ್ತಕನದು. ಎರಡು ದಿನ ಕತ್ತಲು ನೋಡಿ ಅವನಿಗೆ ಸಾಕಾಯಿತು. ಮೂರನೆಯ ದಿನ ಪಟ್ಟಣಕ್ಕೆ ಹೋಗಿ ಒಂದು ಜನರೇಟರ್ ತಂದ. ಹಿತ್ತಿಲಲ್ಲಿ ಇಟ್ಟ. ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ನಿಂಬೆಹಣ್ಣು ಕಟ್ಟಿದ. ಪೆಟ್ರೋಲು ಹಾಕುವುದನ್ನು ಮಾತ್ರ ಮರೆತು ಅದನ್ನು ಚಾಲೂ ಮಾಡುವ ಹಗ್ಗವನ್ನು ಅರ್ಧ ಗಂಟೆ ಎಳೆದ. ಆಮೇಲೆ ನೆನಪಾಗಿ ಅದನ್ನೂ ಹಾಕಿದ.

ಅಂಗಡಿಯವನು ಅವನಿಗೆ ಒಂದು ವೈರು ಮಾಡಿಕೊಟ್ಟಿದ್ದ. ಅದರ ಎರಡೂ ತುದಿಗೆ ಪ್ಲಗ್ಗು. ಒಂದನ್ನು ಜನರೇಟರಿಗೆ, ಇನ್ನೊಂದನ್ನು ಗೋಡೆಗೆ ಚುಚ್ಚಿದರೆ ಇಡೀ ಮನೆಗೆ ದೀಪ. ಕೊಡುವಾಗ ಅಂಗಡಿಯವನು ಒಂದು ಮಾತು ಹೇಳಿದ್ದ: “ಇದನ್ನು ಹಾಕುವ ಮೊದಲು ಮನೆಯ ಮೇನ್ ಸ್ವಿಚ್ ಕೆಳಗಿಳಿಸಿ. ಮರೆಯಬೇಡಿ.”

ವರ್ತಕ ಮರೆಯಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೇನಿಗೆ ಕೈ ಹಾಕಿದ. ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದ ಅವನ ತಾಯಿ ಕೂಗಿದಳು.

“ಏ, ತೆಗಿ ಕೈ! ಮುಸ್ಸಂಜೆ ಹೊತ್ತಲ್ಲಿ, ಲಕ್ಷ್ಮಿ ಒಳಗೆ ಬರುವ ಹೊತ್ತಲ್ಲಿ, ಮನೆಯ ಕರೆಂಟು ಆರಿಸುತ್ತೀಯಾ?”

“ಕರೆಂಟೇ ಇಲ್ಲವಲ್ಲವ್ವಾ.”

“ಇಲ್ಲದಿದ್ದರೆ ಆರಿಸುವುದೇನು ಬಂತು? ಇದ್ದ ಹಾಗೆ ಇರಲಿ ಬಿಡು.”

ವರ್ತಕ ತಲೆ ಕೆರೆದುಕೊಂಡ. ಅಂಗಡಿಯವನ ಮಾತು ಸರಿ ಅನ್ನಿಸಿತ್ತು. ಅವ್ವನ ಮಾತೂ ಸರಿ ಅನ್ನಿಸಿತು. ಜೊತೆಗೆ ಇನ್ನೊಂದು ಯೋಚನೆ ಬಂತು. ಮೇನ್ ಇಳಿಸಿಬಿಟ್ಟರೆ ನಿಜವಾದ ಕರೆಂಟು ಬಂದದ್ದು ಗೊತ್ತಾಗುವುದು ಹೇಗೆ? ಸುಮ್ಮನೆ ಪೆಟ್ರೋಲು ಉರಿಯುತ್ತಿರುತ್ತದೆ. ಮೇನ್ ಏಕೆ ಇಳಿಸಬೇಕು ಎಂದು ಅವನು ಅಂಗಡಿಯವನನ್ನು ಕೇಳಿರಲಿಲ್ಲ. ಮೇನನ್ನು ಹಾಗೇ ಬಿಟ್ಟು ಹಿತ್ತಿಲಿಗೆ ಹೋಗಿ ಹಗ್ಗ ಎಳೆದ.

ಮನೆಯಲ್ಲಿ ದೀಪ ಬಂತು. ಅದೇ ಕ್ಷಣ ಓಣಿಯ ಉದ್ದಕ್ಕೂ “ಬಂತು! ಬಂತು!” ಎಂಬ ಕೂಗು ಎದ್ದಿತು.

ವರ್ತಕ ಹೊರಗೆ ಓಡಿಬಂದು ನೋಡಿದ. ಹನ್ನೆರಡು ಮನೆಯಲ್ಲೂ ದೀಪ. “ಅಯ್ಯೋ, ನಾನು ಯಂತ್ರ ತಂದ ದಿನವೇ ಕರೆಂಟು ಬರಬೇಕೇ!” ಎಂದುಕೊಂಡು ಹಿತ್ತಿಲಿಗೆ ಹೋಗಿ ಜನರೇಟರ್ ಆರಿಸಿದ.

“ಹೋಯ್ತು!” ಎಂದಿತು ಓಣಿ.

ಅವನು ಮತ್ತೆ ಹಗ್ಗ ಎಳೆದ. “ಬಂತು!” ಎಂದಿತು ಓಣಿ. ಆರಿಸಿದ. “ಹೋಯ್ತು!” ಎಳೆದ. “ಬಂತು!” ಆ ಸಂಜೆ ಹೀಗೆ ಏಳು ಸಲ ಆಯಿತು. ಕತೆ ಚೆನ್ನಾಗಿರಲಿ ಎಂದು ನಾನು ಇಪ್ಪತ್ತು ಸಲ ಎನ್ನಬಹುದಿತ್ತು. ಆದರೆ ಸತ್ಯದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು.

ರಾತ್ರಿ ಊಟಕ್ಕೆ ಕುಳಿತಾಗ ವರ್ತಕ ತಾಯಿಗೆ ಹೇಳಿದ: “ಕರೆಂಟಿನ ಆಫೀಸಿನವರಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಕಣವ್ವಾ. ನಾನು ಯಂತ್ರ ಹಾಕಿದ ಕೂಡಲೇ ಬಿಡುತ್ತಾರೆ, ಆರಿಸಿದ ಕೂಡಲೇ ತೆಗೆಯುತ್ತಾರೆ. ನನ್ನ ಹಿತ್ತಿಲಲ್ಲಿ ಏನಾಗುತ್ತಿದೆ ಎಂದು ಅವರಿಗೆ ಹೇಗೆ ಗೊತ್ತಾಗುತ್ತದೆ ಎಂಬುದೇ ತಿಳಿಯುತ್ತಿಲ್ಲ.”

ತಾಯಿ ಕಿಟಕಿ ಮುಚ್ಚಿದಳು.

ಓಣಿಯವರಿಗೂ ತಲೆ ಕೆಟ್ಟಿತ್ತು. ಒಬ್ಬ ರೈತ, ಬೇರೆ ಊರಿನ ಕರೆಂಟು ದಾರಿ ತಪ್ಪಿ ಇಲ್ಲಿಗೆ ಬಂದು, ತಪ್ಪು ಗೊತ್ತಾಗಿ ವಾಪಸು ಹೋಗುತ್ತಿದೆ ಎಂದ. ಒಬ್ಬ ಮೇಷ್ಟರು, ತಂತಿಯಲ್ಲಿ ಹಳೆಯ ಕರೆಂಟು ಅಷ್ಟಿಷ್ಟು ಉಳಿದಿರುತ್ತದೆ, ಚಳಿಗೆ ಹೆಪ್ಪುಗಟ್ಟಿತ್ತು, ಈಗ ಕರಗಿ ಇಳಿಯುತ್ತಿದೆ ಎಂದು ವಿವರಿಸಿದರು. ಎಲ್ಲರೂ ತಲೆಯಾಡಿಸಿದರು. ಮೇಷ್ಟರು ಹೇಳಿದ್ದು ಯಾರಿಗೂ ಅರ್ಥವಾಗಿರಲಿಲ್ಲ, ಮೇಷ್ಟರಿಗೂ.

ಮೂರು ಸಂಜೆ ಹೀಗೆಯೇ ಕಳೆಯಿತು. ಗಂಟು ಬಿಡಿಸಿದ್ದು ಒಬ್ಬ ಮುದುಕಿ. ನಾಲ್ಕನೆಯ ಸಂಜೆ ದೀಪ ಬಂದ ಕೂಡಲೇ ಅವಳು ಕಾಲಿಗೆ ಬಿಸಿನೀರು ಹಾಕಿಕೊಳ್ಳಲು ಕಾಯಿಲ್ ಚುಚ್ಚಿದಳು. ಓಣಿಯ ಕೊನೆಯಲ್ಲಿ ವರ್ತಕನ ಯಂತ್ರ ಹೆರಿಗೆ ನೋವು ಬಂದಂತೆ ನರಳಿತು. ಕಾಯಿಲ್ ತೆಗೆದಳು, ನರಳಾಟ ನಿಂತಿತು. ಮತ್ತೆ ಚುಚ್ಚಿದಳು, ಮತ್ತೆ ನರಳಿತು. ಮುದುಕಿ ಕಾಯಿಲ್ ಪಕ್ಕಕ್ಕಿಟ್ಟು, ಸೆರಗು ಹೊದ್ದು, ನೇರ ವರ್ತಕನ ಜಗಲಿಗೆ ಬಂದಳು. ಹಿಂದೆಯೇ ಓಣಿಯೆಲ್ಲ ಬಂತು.

“ಸಾವುಕಾರ್ರೇ, ನಮ್ಮ ಮನೆಯ ದೀಪ ನಿಮ್ಮ ಯಂತ್ರದ್ದು” ಎಂದು ಅವಳು ಎರಡೂ ಕೈ ಮುಗಿದಳು. “ಹೇಳದೆ ಕೇಳದೆ ಹನ್ನೊಂದು ಮನೆಗೆ ಬೆಳಕು ಕೊಟ್ಟಿರಲ್ಲ. ಇಂಥ ಮನುಷ್ಯರು ಇನ್ನೂ ಇದ್ದಾರೆಯೇ!”

ವರ್ತಕ ಬಾಯಿ ತೆರೆದ. ಆ ಸಂಗತಿ ಅವನಿಗೆ ತಿಳಿದದ್ದೇ ಆ ಕ್ಷಣದಲ್ಲಿ. ತೆರೆದ ಬಾಯನ್ನು ಮುಚ್ಚಿದ. ಬೆನ್ನು ನೆಟ್ಟಗೆ ಮಾಡಿದ. ಮೀಸೆಯ ಮೇಲೆ ಕೈಯಾಡಿಸಿದ.

“ನೀವೆಲ್ಲ ಕತ್ತಲಲ್ಲಿ ಇರುವುದನ್ನು ನೋಡಲಾಗಲಿಲ್ಲ ಕಣವ್ವಾ” ಎಂದ.

ಅಂದಿನಿಂದ ಅವನ ಜಗಲಿಯ ವೈಭವ ನೋಡಬೇಕಿತ್ತು. ಸಂಜೆಯಾದರೆ ಹನ್ನೊಂದು ಮನೆಯಿಂದ ರೊಟ್ಟಿ, ಅವರೆಕಾಳಿನ ಸಾರು, ಎಳ್ಳುಂಡೆ. ಮೇಷ್ಟರು ಅವನ ಮೇಲೆ ನಾಲ್ಕು ಸಾಲಿನ ಪದ್ಯ ಕಟ್ಟಿ ಓದಿದರು. ಎರಡು ಮಕ್ಕಳಿಗೆ ಅವನ ಹೆಸರಿಡುವ ಮಾತಾಯಿತು, ಅದರಲ್ಲಿ ಒಂದು ಇನ್ನೂ ಹುಟ್ಟಿರಲಿಲ್ಲ. ಹಗ್ಗ ಎಳೆಯುವ ಮೊದಲು ಅವನು ಹಿತ್ತಿಲಿನಿಂದ “ಕೊಡಲೇ?” ಎಂದು ಕೂಗುತ್ತಿದ್ದ. “ಕೊಡಿ!” ಎಂದು ಓಣಿ ಕೂಗುತ್ತಿತ್ತು.

ಈಗ ಲೈನ್‌ಮನ್ ಕಡೆ ನೋಡು.

ಒಂಬತ್ತನೆಯ ದಿನ ಮಧ್ಯಾಹ್ನ ಅವನು ರಿಪೇರಿಯಾದ ಟ್ರಾನ್ಸ್‌ಫಾರ್ಮರನ್ನು ಟ್ರಾಕ್ಟರಿನಲ್ಲಿ ಹೇರಿಕೊಂಡು ಬಂದ. ಓಣಿಯವರೆಲ್ಲ ಹೊಲದಲ್ಲಿದ್ದರು, ವರ್ತಕ ಸಂತೆಗೆ ಹೋಗಿದ್ದ. ಟ್ರಾನ್ಸ್‌ಫಾರ್ಮರನ್ನು ಅದರ ಜಾಗದಲ್ಲಿ ಏರಿಸಿದ್ದಾಯಿತು. ಓಣಿಯ ತಂತಿಯನ್ನು ಅದಕ್ಕೆ ಕೂಡಿಸುವುದು ಬಾಕಿ. ಅದಕ್ಕೆ ಮೊದಲು ಓಣಿಯ ಮೊದಲ ಕಂಬದಲ್ಲಿ ಒಂದು ಜೋಡಣೆ ಸಡಿಲವಾಗಿತ್ತು, ಅದನ್ನು ಬಿಗಿಯಬೇಕು. ಹೊತ್ತು ಮುಳುಗುತ್ತಾ ಬಂದಿತ್ತು. ನಾಳೆ ಮಾಡಬಹುದಿತ್ತು. “ಇವತ್ತು ರಾತ್ರಿ ಜನ ಬೆಳಕಲ್ಲಿ ಉಣ್ಣಲಿ” ಎಂದ ಅವನು.

ಹತ್ತುವ ಮೊದಲು ಅವನು ಆಫೀಸಿಗೆ ಎರಡು ಸಲ ಫೋನು ಮಾಡಿ ಮೇಲಿನ ಲೈನು ಬಂದ್ ಆಗಿದೆ ಎಂದು ಖಾತ್ರಿ ಮಾಡಿಕೊಂಡ. ಪಕ್ಕದ ಊರಿನ ಲೈನನ್ನೂ ಕೇಳಿದ. ತಂತಿಯನ್ನು ಪರೀಕ್ಷೆ ಮಾಡಿ ನೋಡಿದ, ಅದು ಸತ್ತಿತ್ತು. ಕರೆಂಟು ಎಲ್ಲೆಲ್ಲಿಂದ ಬರಬಹುದೋ ಅಲ್ಲೆಲ್ಲ ವಿಚಾರಿಸಿದ. ಒಬ್ಬ ವರ್ತಕನ ಹಿತ್ತಿಲಿನಿಂದ ಬರಬಹುದು ಎಂದು ಅವನಿಗೆ ಹೊಳೆಯಲಿಲ್ಲ. ಹತ್ತಿದ.

ಅಷ್ಟರಲ್ಲಿ ಓಣಿಯವರು ಹೊಲದಿಂದ ಬಂದು ಮನೆಯೊಳಗೆ ಸೇರಿದ್ದರು, ಮಬ್ಬಿನಲ್ಲಿ ಕಂಬದ ಕಡೆ ಯಾರೂ ನೋಡಿರಲಿಲ್ಲ. ಓಣಿಯ ಕೊನೆಯಲ್ಲಿ, ಆಗತಾನೇ ಸಂತೆಯಿಂದ ಬಂದ ವರ್ತಕ ಕೂಗಿದ: “ಕೊಡಲೇ?”

“ಕೊಡಿ!” ಎಂದಿತು ಓಣಿ.

ಇಷ್ಟು ಹೊತ್ತು ಕತೆಗೆ ನಾನು ಒಂದಿಷ್ಟು ಉಪ್ಪು ಖಾರ ಹಾಕಿದೆ. ಇಲ್ಲಿ ಹಾಕುವುದಿಲ್ಲ. ಲೈನ್‌ಮನ್ನನ ಬಲಗೈ ತಂತಿಯ ಮೇಲಿತ್ತು. ಒಂದು ಸದ್ದಾಯಿತು. ಅವನು ಬಿದ್ದದ್ದು ಕಂಬದ ಕೆಳಗೆ ನಿಲ್ಲಿಸಿದ್ದ ಟ್ರಾಕ್ಟರಿನಲ್ಲಿದ್ದ ಹುಲ್ಲಿನ ಮೇಲೆ, ಟ್ರಾನ್ಸ್‌ಫಾರ್ಮರ್ ಅಲುಗದಿರಲಿ ಎಂದು ಅವನೇ ಹಾಸಿಕೊಂಡು ತಂದಿದ್ದ ಹುಲ್ಲು. ಜೀವ ಉಳಿಯಿತು. ಬಲಗೈ ಮೊಣಕೈಯವರೆಗೆ ಸುಟ್ಟಿತ್ತು. ಆ ಕೈಯ ಬೆರಳುಗಳನ್ನು ಆಮೇಲೆ ಯಾವತ್ತೂ ಮಡಚಲು ಆಗಲಿಲ್ಲ. ಅವನು ಮತ್ತೆ ಕಂಬ ಹತ್ತಲಿಲ್ಲ.

ಜನ ಓಡಿಬಂದರು. ಎಲ್ಲರೂ ಒಟ್ಟಿಗೆ ಮಾತನಾಡಿದರು. ರೈತ, ಆಫೀಸಿನವರು ಹೇಳದೆ ಕರೆಂಟು ಬಿಟ್ಟರು ಎಂದ. ಮೇಷ್ಟರು ಏನೋ ವಿವರಿಸಲು ಹೋಗಿ ನಿಲ್ಲಿಸಿದರು. ವರ್ತಕನೂ ಓಡಿಬಂದಿದ್ದ. “ಯಾರು, ಯಾರು ಮಾಡಿದ್ದು ಈ ಕೆಲಸ? ಕೊಲೆಗಡುಕರು!” ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ.

ಹುಲ್ಲಿನ ಮೇಲೆ ಮಲಗಿದ್ದ ಲೈನ್‌ಮನ್ ಕಣ್ಣು ತೆರೆದ. “ಯಾರ ಮನೆಯಲ್ಲಾದರೂ ಜನರೇಟರ್ ಇದೆಯೇ?” ಎಂದು ಕೇಳಿದ. “ಮೇನ್ ಇಳಿಸಿರಲಿಲ್ಲವೇ? ಇಳಿಸದಿದ್ದರೆ ಅದರ ಕರೆಂಟು ಹೊರಗಿನ ತಂತಿಗೆ ಹರಿಯುತ್ತದೆ.”

ದೂರದಲ್ಲಿ ಯಂತ್ರದ ಸದ್ದು ಇನ್ನೂ ಕೇಳುತ್ತಿತ್ತು. ಹನ್ನೆರಡು ಮನೆಯಲ್ಲೂ ದೀಪ ಉರಿಯುತ್ತಿತ್ತು. ಮುದುಕಿ ಒಂದು ಸಲ ದೀಪಗಳನ್ನು ನೋಡಿದಳು, ಒಂದು ಸಲ ಸುಟ್ಟ ಕೈಯನ್ನು ನೋಡಿದಳು.

“ಸಾವುಕಾರ್ರೇ, ಇದೂ ನಿಮ್ಮದೇ” ಎಂದಳು.

“ನನ್ನದೇ?” ವರ್ತಕ ಹಿಂದೆ ಸರಿದ. “ಏನವ್ವಾ ಹೀಗೆ ಮಾತಾಡುತ್ತೀಯಾ? ನಾನು ನನ್ನ ಮನೆಗೆ ದೀಪ ಹಾಕಿಕೊಂಡವನು. ಅದು ತಂತಿ ಹಿಡಿದು ಎಲ್ಲಿಗೆ ಹೋಯಿತೋ, ಯಾರನ್ನು ಮುಟ್ಟಿತೋ, ನಾನೇನು ಅದರ ಹಿಂದೆ ಹೋಗಿ ನೋಡಿದೆನೇ? ನನಗೆ ಗೊತ್ತಿರಲಿಲ್ಲ. ದೇವರಾಣೆ ನನಗೆ ಗೊತ್ತಿರಲಿಲ್ಲ.”

ಲೈನ್‌ಮನ್ನನ್ನು ಅದೇ ಟ್ರಾಕ್ಟರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ವರ್ತಕ ಮನೆಗೆ ಹೋಗಿ ಯಂತ್ರ ಆರಿಸಿದ. ಓಣಿ ಕತ್ತಲಾಯಿತು. ಆ ಸಲ ಯಾರೂ “ಹೋಯ್ತು” ಎಂದು ಕೂಗಲಿಲ್ಲ.

ಅಜ್ಜಯ್ಯ ಕತೆ ನಿಲ್ಲಿಸಿದರು. ರೇವಣಸಿದ್ಧ ಗೊಂದಲಕ್ಕೆ ಬಿದ್ದ. ವರ್ತಕನನ್ನು ಬೈಯಬೇಕು ಅನ್ನಿಸಿತು, ಬೈಯುವುದು ನ್ಯಾಯವೇ ಎಂಬ ಅನುಮಾನವೂ ಬಂತು. ಕೇಳಿದ:

“ಆದರೂ ಅಜ್ಜಯ್ಯ, ಅವನು ಹೇಳಿದ್ದು ಸುಳ್ಳಲ್ಲವಲ್ಲ. ಕಂಬದ ಮೇಲೆ ಮನುಷ್ಯ ಇದ್ದಾನೆ ಎಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅವನ ತಲೆಗೆ ಕಟ್ಟುವುದು ಹೇಗೆ?”

ಅಜ್ಜಯ್ಯ ಹೇಳಿದರು:

“ಮುದುಕಿ ಬಂದು ಬೆಳಕಿಗೆ ಕೈಮುಗಿದಾಗಲೂ ಅವನಿಗೆ ಗೊತ್ತಿರಲಿಲ್ಲ ಕಣಯ್ಯಾ, ಆಗ ಯಾಕೆ ಹಾಗೆನ್ನಲಿಲ್ಲ?”