ಹಸಿದು ಕೂತಿದ್ದ ಅನ್ನಪೂರ್ಣೆಯ ಕಥೆ

ಕೈಯಲ್ಲಿ ಅಕ್ಷತೆ ಹಿಡಿದು, ಬಾಯಿ ಮುಚ್ಚಿ, ಕಿವಿ ತೆರೆದು ಕೇಳುವಂಥವರಾಗಿ. ಅಡುಗೆಮನೆಯಿಂದ ಘಮ ಬಂತೆಂದು ನಡುವೆ ಎದ್ದವರಿಗೆ ಫಲವಿಲ್ಲ, ಕೂತುಕೊಳ್ಳಿ.

ಕಲಿಯುಗದಲ್ಲಿ ಸೋಮನಕೆರೆಯೆಂಬ ಊರಿನಲ್ಲಿ ನಂಜುಂಡಪ್ಪನೆಂಬ ಗೃಹಸ್ಥನೂ ಆತನ ಪತ್ನಿ ಸರ್ವಮಂಗಳೆಯೂ ಇರಲಾಗಿ, ಆತನು ಹೆಸರಿಗೆ ತಕ್ಕಂತೆ ನಂಜನ್ನು ಉಂಡರೂ ಅರಗಿಸುವ ಹೊಟ್ಟೆಯುಳ್ಳವನಾಗಿಯೂ, ಆಕೆಯು ಆ ಹೊಟ್ಟೆಯನ್ನು ನಂಬಿ ಒಲೆ ಹಚ್ಚುವವಳಾಗಿಯೂ ಇದ್ದರು. ಊರಾಚೆ ಅನ್ನಪೂರ್ಣೆಯ ಗುಡಿಯೊಂದು ಹಾಳುಬಿದ್ದು, ಶಿಖರದಲ್ಲಿ ಆಲದ ಗಿಡ ಬೆಳೆದು, ಗರ್ಭಗುಡಿಯ ತುಂಬ ಮಣ್ಣು ಕುಸಿದು, ದೇವಿಯ ಮುಖ ಕಂಡವರೇ ಇಲ್ಲವಾಗಿರಲು, ನಂಜುಂಡಪ್ಪನು ಊರವರನ್ನು ಕೂಡಿಸಿ, ಜೀರ್ಣೋದ್ಧಾರ ಸಮಿತಿಯೆಂದು ದೊಡ್ಡ ಬ್ಯಾನರು ಕಟ್ಟಿಸಿ, ತಾನೇ ಅಧ್ಯಕ್ಷನಾದನು.

ಅಂದಿನಿಂದ ಭಾನುವಾರ ಭಾನುವಾರ ಸ್ವಯಂಸೇವಕರೆಲ್ಲ ಹಾರೆ ಗುದ್ದಲಿ ಸಮೇತ ಬಂದು, ಮೊದಲು ಸರ್ವಮಂಗಳೆಯ ಉಪ್ಪಿಟ್ಟು ಕೇಸರಿಬಾತು ತಿಂದು, ಕಾಫಿ ಕುಡಿದು, ಗುದ್ದಲಿ ಎತ್ತಿ ಫೋಟೋ ತೆಗೆಸಿಕೊಂಡು, ತಿಂದದ್ದು ಅರಗಲೆಂದು ಮಂಟಪದ ನೆರಳಿನಲ್ಲಿ ಒರಗಿ, ಬಿಸಿಲೇರಿತೆಂದು ಮನೆಗೆ ಹೋಗುತ್ತಿದ್ದರು. ಒಳಗಿರುವವಳಿಗೆ ಒಂದು ತುತ್ತು ಎಡೆಯಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಲೋಕಕ್ಕೆಲ್ಲ ಬಡಿಸುವ ತಾಯಿ ಹಸಿದು ಕೂತಿದ್ದಳು. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹೀಗಿರಲು ನಂಜುಂಡಪ್ಪನ ಹಸಿವು ಹೊರಟುಹೋಯಿತು. ಹೋಳಿಗೆ ಕಂಡರೆ ಮುಖ ತಿರುಗಿಸುವನು, ತಿಳಿಸಾರೂ ಗಂಟಲಿಗಿಳಿಯದು, ಓಮದ ನೀರು, ಜೀರಿಗೆ ಕಷಾಯ, ಪಂಡಿತರ ಲೇಹ್ಯ ಯಾವುದೂ ನಾಟದು. ಪಂಚೆ ಸೊಂಟದಲ್ಲಿ ನಿಲ್ಲದಂತಾಗಲು, ಗಂಡ ಉಳಿಯುವನೋ ಇಲ್ಲವೋ ಎಂದು ಸರ್ವಮಂಗಳೆಯು ಒಲೆಯ ಮುಂದೆ ಕೂತು ಅತ್ತಳು.

ಆಗ ಮುದುಕಿಯೊಬ್ಬಳು ಬಾಗಿಲಿಗೆ ಬಂದು, ಆಕೆ ಬಡಿಸಿದ್ದನ್ನು ಉಂಡು, ಮೂಲೆಯಲ್ಲಿ ಮಲಗಿದ್ದವನನ್ನು ನೋಡಿ, "ಅಲ್ಲಪ್ಪಾ, ಜೀರ್ಣೋದ್ಧಾರ ಅಂತ ಬ್ಯಾನರ್ ಕಟ್ಕೊಂಡು ವಾರವಾರ ಬರೀ ಜೀರ್ಣ ಮಾಡ್ಕೊಂಡು ಬಂದ್ರಲ್ಲ, ಉದ್ಧಾರ ಯಾವಾಗ? ಅವಳು ಹಸಿದಿರೋವಾಗ ನಿಂಗೆಲ್ಲಿಂದ ಹಸಿವು ಬರ್ಬೇಕು?" ಎಂದು ಗದರಿ, ಬರಿಹೊಟ್ಟೆಯಲ್ಲಿ ಗುಡಿಯ ಮಣ್ಣು ತೆಗೆದು, ಅಲ್ಲಿಯೇ ಅನ್ನ ಬೇಯಿಸಿ, ತಾಯಿಗೆ ಎಡೆಯಿಟ್ಟ ಮೇಲೆ ಉಣ್ಣುವುದೇ ವ್ರತವೆಂದು ಹೇಳಿ ಮಾಯವಾದಳು.

ಈ ಭಾನುವಾರ ಉಪ್ಪಿಟ್ಟಿಲ್ಲವೆಂಬ ಸುದ್ದಿ ಹರಡಲು, ಒಬ್ಬನಿಗೆ ಸೊಂಟ ಹಿಡಿಯಿತು, ಮತ್ತೊಬ್ಬನಿಗೆ ಅತ್ತೆಯ ಊರು ನೆನಪಾಯಿತು. ಗಂಡಹೆಂಡಿರಿಬ್ಬರೇ ಹೋಗಿ, ಆತ ತಡೆತಡೆದು ಅಗೆದು, ಆಕೆ ಬುಟ್ಟಿಯಲ್ಲಿ ಹೊತ್ತು ಹಾಕಿ, ಹೊತ್ತು ಇಳಿಯುವಾಗ ಮಣ್ಣಿನೊಳಗಿಂದ ಸೌಟು ಹಿಡಿದ ಕಲ್ಲಿನ ಕೈಯೂ, ಆಮೇಲೆ ನಗುಮುಖವೂ ಕಂಡವು. ಮತ್ತೊಂದು ಕೈಯ ಪಾತ್ರೆಯಲ್ಲಿ ಮಣ್ಣೇ ತುಂಬಿತ್ತು. ಅದನ್ನು ಸರ್ವಮಂಗಳೆಯು ಬೆರಳಿನಿಂದ ಕೆದಕಿ ತೆಗೆದು, ತೊಳೆದು, ಬಿಸಿ ಅನ್ನ ತುಂಬಿ, ತುಪ್ಪ ಬಿಟ್ಟು ಕೈಮುಗಿದಳು.

ಆ ಕ್ಷಣವೇ ನಂಜುಂಡಪ್ಪನ ಹೊಟ್ಟೆ ಗುಡುಗಿದ ರಭಸಕ್ಕೆ ಗುಡಿಯ ಬಾವಲಿಗಳೆಲ್ಲ ಹಾರಿಹೋದವು. "ಮಂಗಳಾ, ಹಸಿವು ಕಣೇ! ಹಸಿವಾಗ್ತಿದೆ!" ಎಂದು ಅತ್ತನು, ಅಳುತ್ತಲೇ ಉಂಡನು. ಎರಡನೆಯ ಸಲ ಬಡಿಸುವಾಗ ಆಕೆಯ ಎಲೆ ಬರಿದಾಗಿರುವುದನ್ನು ಕಂಡು, ತುತ್ತು ಕೆಳಗಿಟ್ಟು, "ನೀನು ಉಂಡ್ಯೇನೇ?" ಎಂದು ಮದುವೆಯಾದಂದಿನಿಂದ ಕೇಳದ ಮಾತನ್ನು ಕೇಳಿದನು.

ತುಪ್ಪದನ್ನದ ಘಮಕ್ಕೆ ಸ್ವಯಂಸೇವಕರೆಲ್ಲ ಸೊಂಟ ನೆಟ್ಟಗಾಗಿ ಓಡಿಬರಲು, ನಂಜುಂಡಪ್ಪನು ಎಲೆಯ ಬದಲು ಗುದ್ದಲಿ ತೋರಿಸಿದನು. ಮಳೆಗಾಲಕ್ಕೆ ಮುಂಚೆ ಗುಡಿ ಎದ್ದು ನಿಂತಿತು.

ಈ ಕಥೆ ಹೇಳಿದವರಿಗೂ, ಕೇಳಿದವರಿಗೂ, ನಡುವೆ ತೂಕಡಿಸಿದವರಿಗೂ ಹೊತ್ತಿಗೆ ಸರಿಯಾಗಿ ಹಸಿವಾಗಲಿ, ಹಸಿದಾಗ ಬಡಿಸುವ ಕೈ ಹತ್ತಿರವಿರಲಿ. ಬಡಿಸಿದವಳು ಉಂಡಳೇ ಎಂದು ಕೇಳುವ ಬುದ್ಧಿಯನ್ನು ತಾಯಿಯು ಮನೆಮನೆಯ ಗಂಡಸರಿಗೆ ಕೊಡಲಿ.