ಕೆರಿಬಿಯನ್ನಿಗೆ ಹೋದ ಮೈಲಾರಿ

ಗದಗ ಬೆಟಗೇರಿಯಲ್ಲಿ ಫಕ್ಕೀರವ್ವ ಅಂತ ಒಬ್ಬಳಿದ್ದಳು. ಆಕೆಗೆ ಒಬ್ಬನೇ ಮಗ, ಮೈಲಾರಿ. ಎಂಥ ಮಗ ಅಂತೀರಿ, ತಾಯಿಯ ಮಾತನ್ನು ಕೂದಲೆಳೆಯಷ್ಟೂ ಮೀರಿದವನಲ್ಲ. ಅದೇ ಆಕೆಯ ದುಃಖ. ಮಾತು ಕೇಳದ ಮಕ್ಕಳಿಗೆ ಊರೆಲ್ಲ ಮದ್ದು ಹೇಳುತ್ತದೆ. ಕೇಳುವ ಮಗನಿಗೆ ಯಾರು ಏನು ಹೇಳಬೇಕು?

ಒಂದು ದಿನ ಎಣ್ಣೆ ತರಲು ಕಳಿಸಿದಳು. "ಲಗೂನ ಬಾ. ಬರೂ ಮುಂದ ಎಲ್ಲೂ ನಿಂದರಬ್ಯಾಡ," ಅಂದಳು. ಎಣ್ಣೆ ತಗೊಂಡ, ನಡೆದ. ಮನೆ ಬಂತು, ನಿಲ್ಲಲಿಲ್ಲ. ಓಣಿ ಮುಗಿಯಿತು, ನಿಲ್ಲಲಿಲ್ಲ. ಊರೇ ಮುಗಿಯಿತು, ನಿಲ್ಲಲಿಲ್ಲ. ಹೊತ್ತು ಮುಳುಗುವಾಗ ಹೊಲದಿಂದ ಬರುತ್ತಿದ್ದ ಯಾರೋ ಪುಣ್ಯಾತ್ಮರು ಚಕ್ಕಡಿಯಲ್ಲಿ ಕೂರಿಸಿಕೊಂಡು ತಂದು ಬಿಟ್ಟರು. ಕೂತರೂ ಅವನ ಕಾಲು ಆಡುತ್ತಲೇ ಇದ್ದವಂತೆ.

"ಮನೀ ಮುಂದ ಬಂದಾಗರ ನಿಂದರಬಾರದೇನೋ?"

"ಎಲ್ಲೂ ಅಂದಿದ್ಯಲ್ಲಬೇ."

ಫಕ್ಕೀರವ್ವ ಹಣೆ ಹಣೆ ಬಡಿದುಕೊಂಡಳು. ಹುಡುಗನಾದರೆ ಬೆಳೆದಾನು ಅಂತ ಕಾಯಬಹುದು. ಇವನಿಗೆ ಮೀಸೆ ಬಂದು, ಬಂದ ಮೀಸೆಯಲ್ಲಿ ಬಿಳಿ ಕೂದಲೂ ಬಂದಿತ್ತು. ಇತ್ತೀಚೆಗೆ ಮೆಟ್ಟಿಲು ಹತ್ತಿದರೆ ಆಕೆಯ ಎದೆಯಲ್ಲಿ ಏನೋ ಹಿಡಿದುಕೊಂಡಂತೆ ಆಗುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಹೆತ್ತವರು ಹೋದ ಮೇಲೆ ಹೆಗ್ಗಣ ಯಾರಿಗೆ ಮುದ್ದು? ಇದೊಂದು ಪ್ರಶ್ನೆ ಆಕೆಯನ್ನು ಒಳಗಿಂದ ತಿನ್ನುತ್ತಿತ್ತು.

ಫಕ್ಕೀರವ್ವ ಸೀರೆ ಅಂಗಡಿಯ ಸಾವಕಾರ ವಿಠ್ಠಲಸಾನ ಮನೆಯಲ್ಲಿ ಕೆಲಸಕ್ಕಿದ್ದಳು. ಸಾವಕಾರನ ತಾಯಿ ತುಳಜಾಬಾಯಿಗೆ ಕಾಲು ಸೋತು ಗಾಲಿ ಕುರ್ಚಿಯೇ ಗತಿಯಾಗಿತ್ತು. ಸ್ನಾನ, ಊಟ, ಮಾತು, ಜಗಳ, ಎಲ್ಲಕ್ಕೂ ಆಕೆಗೆ ಫಕ್ಕೀರವ್ವನೇ ಬೇಕು. ಆ ಮುದುಕಿಗೆ ಒಂದು ಆಸೆ ಹುಟ್ಟಿತು. ಟಿವಿಯಲ್ಲಿ ಯಾವುದೋ ದ್ವೀಪ ತೋರಿಸಿದರು, ಬೆಳ್ಳನೆಯ ಮರಳು, ನೀಲಿ ನೀರು. ಸಾಯುವ ಮೊದಲು ಆ ಮರಳಿನ ಮೇಲೆ ಕೂರಬೇಕು ಅಂದಳು. ಮಗ ದುಡ್ಡಿದ್ದವನು, ಕೆರಿಬಿಯನ್ ಸಮುದ್ರದ ದೊಡ್ಡ ಹಡಗಿಗೆ ಟಿಕೆಟ್ ತೆಗೆಸಿದ. ಫಕ್ಕೀರವ್ವ ಇಲ್ಲದೆ ನಾ ಹೋಗಲ್ಲ ಅಂದಳು ಮುದುಕಿ. ಮೈಲಾರಿ ಇಲ್ಲದೆ ನಾ ಬರಲ್ಲ ಅಂದಳು ಫಕ್ಕೀರವ್ವ. ಹಾಗೆ ಸಾವಕಾರನೂ ಸೇರಿ ನಾಲ್ವರೂ ಹೊರಟರು.

ಹೊರಡುವ ಮುಂಚೆ ಫಕ್ಕೀರವ್ವ ಸಾವಕಾರನ ಮುಂದೆ ಸೆರಗು ಒಡ್ಡಿದಳು. "ನನಗ ಮತ್ತೇನೂ ಬ್ಯಾಡ್ರಿ. ನನ್ನ ಹಿಂದ ನನ್ನ ಮಗನಿಗೆ ನಿಮ್ಮ ಅಂಗಡ್ಯಾಗ ಒಂದು ಮೂಲಿ ಕೊಡ್ರಿ."

ವಿಠ್ಠಲಸಾ ಕೆಟ್ಟವನಲ್ಲ, ವ್ಯಾಪಾರಿ. "ನೋಡೂಣು. ಹಡಗದಾಗ ಹೆಂಗಿರ್ತಾನ ನೋಡಿ ಹೇಳ್ತೀನಿ," ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ವಿಮಾನ ಇಳಿದರು, ಹಡಗು ಹತ್ತಿದರು. ಮೈಲಾರಿ ನೀರು ನೋಡಿದ, ಅತ್ತ ನೋಡಿದ, ಇತ್ತ ನೋಡಿದ. "ಕೆರಿ ಅಂದ್ರಲ್ಲಬೇ. ಇದರ ಆಚೀ ದಂಡಿ ಎಲ್ಲೈತಿ?" ಅಂತ ಕೇಳಿದ. ಕೆರಿಬಿಯನ್ ಅಂದರೆ ಗದಗಿನ ಭೀಷ್ಮ ಕೆರೆಯ ಹಾಗೆ ಒಂದು ಕೆರೆ ಅಂತ ತಿಳಿದಿದ್ದನಂತೆ. ನಿಜ ಹೇಳಬೇಕೆಂದರೆ ಫಕ್ಕೀರವ್ವನೂ ಹಾಗೇ ತಿಳಿದಿದ್ದಳು. ಹೇಳಿಕೊಳ್ಳಲಿಲ್ಲ, ಅಷ್ಟೇ ವ್ಯತ್ಯಾಸ.

"ನೋಡು ಮೈಲಾರಿ, ಇಲ್ಲಿ ಉಣ್ಣಾಕ ಯಾರೂ ಬಡಸೂದಿಲ್ಲ. ಹಸಿವಾತಂದ್ರ ಒಂದು ತಾಟು ಹಿಡ್ಕೊಂಡು ಸಾಲಿನಾಗ ನಿಂದರು. ಮುಂದಿನವರು ಸರದಂಗ ಸರಿ."

ಮೈಲಾರಿಗೆ ಹಸಿವಾಯಿತು. ತಾಟು ಹಿಡಿದ, ಸಾಲು ಹುಡುಕಿದ, ನಿಂತ. ಮುಂದಿನವರು ಸರಿದರು, ಇವನು ಸರಿದ. ಮೆಟ್ಟಿಲು ಹತ್ತಿದರು, ಇವನೂ ಹತ್ತಿದ. ಅದು ಊಟದ ಸಾಲಲ್ಲ, ಹಡಗಿನ ನೆತ್ತಿಯಿಂದ ಕೆಳಗಿನ ಈಜುಕೊಳಕ್ಕೆ ಜಾರುವ ಜಾರುಬಂಡಿಯ ಸಾಲು. ಒಂದು ಕೂಗು ಕೇಳಿ ಫಕ್ಕೀರವ್ವ ಹೊರಳಿ ನೋಡಿದರೆ ಮಗ ಅಂಗಿ ಪ್ಯಾಂಟು ಸಮೇತ ಸುರ್ ಅಂತ ಇಳಿದು ನೀರಲ್ಲಿ ಬಿದ್ದ. ತಾಟು ಮಾತ್ರ ಕೈ ಬಿಟ್ಟಿರಲಿಲ್ಲ.

"ಯವ್ವಾ, ನೀರಷ್ಟ ಬಡಿಸಿದ್ರು," ಅಂದ.

"ಕಣ್ಣಿಲ್ಲೇನೋ ನಿನಗ? ಸುತ್ತ ಮಂದಿ ಏನ ಮಾಡಾಕತ್ತಾರ ಅಂತ ನೋಡಬೇಕು. ಮಂದಿ ಮಾಡಿದಂಗ ಮಾಡಬೇಕು."

"ಹೂಂಬೇ. ಮಂದಿ ಮಾಡಿದಂಗ ಮಾಡ್ತೀನಿ."

ಮರುದಿನ ಹಡಗು ಮೊದಲ ದ್ವೀಪಕ್ಕೆ ಬಂತು. ಬೆಳ್ಳನೆಯ ಮರಳಿನ ಮೇಲೆ ದೇಶದೇಶದ ಜನ ಬಿಸಿಲಿಗೆ ಮೈಯೊಡ್ಡಿ ಸಂಡಿಗೆ ಒಣ ಹಾಕಿದ ಹಾಗೆ ಬಿದ್ದಿದ್ದರು. ಮೈಲಾರಿ ಒಬ್ಬ ದಪ್ಪ ಬಿಳಿ ದೊರೆಯನ್ನು ಆರಿಸಿಕೊಂಡು ಪಕ್ಕದಲ್ಲಿ ಮಲಗಿದ. ದೊರೆ ಬೋರಲಾದರೆ ಇವನೂ ಬೋರಲು. ದೊರೆ ಅಂಗಾತವಾದರೆ ಇವನೂ ಅಂಗಾತ. ದೊರೆ ಎಣ್ಣೆ ಹಚ್ಚಿಕೊಂಡ, ಇವನು ಅದೇ ಡಬ್ಬಿಗೆ ಕೈ ಹಾಕಿ ಹಚ್ಚಿಕೊಂಡ. ದೊರೆ ಎದ್ದು ಹೆಂಡತಿಯ ಬಲಗೈ ಹಿಡಿದು ನಡೆದ. ಇವನು ಎದ್ದು ಆಕೆಯ ಎಡಗೈ ಹಿಡಿದು ನಡೆದ.

ಸಾವಕಾರ ಓಡಿ ಹೋಗಿ ತನಗೆ ಬರುವ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ಕ್ಷಮೆ ಕೇಳಿದ. ದೊರೆಯ ಹೆಂಡತಿ ನಕ್ಕಳು, ಅದೊಂದು ಪುಣ್ಯ. ಸಾವಕಾರ ನಗಲಿಲ್ಲ. ಫಕ್ಕೀರವ್ವ ಅವನ ಮುಖ ನೋಡಿದಳು. ಅಂಗಡಿಯ ಮೂಲೆ ದೂರ ಸರಿದ ಹಾಗಾಯಿತು.

"ಮಂದೀ ಉಸಾಬರಿ ನಿನಗ್ಯಾಕೋ? ನಿನಗ ಮಂದಿ ಅಂದ್ರ ಸಾವಕಾರ್ರ ತಾಯಿ, ದೊಡ್ಡವ್ವ. ಆಕೀ ಕಡೆ ಲಕ್ಷ್ಯ ಇಡು. ಆಕಿ ಏನು ಬೇಕಂತಾಳ, ಬಾಯಿಂದ ಬರೂದ ತಡ, ಮಾಡಿಬಿಡಬೇಕು."

"ಹೂಂಬೇ. ದೊಡ್ಡವ್ವ ಅಂದದ್ದು ಮಾಡ್ತೀನಿ."

ಎರಡನೇ ದ್ವೀಪ ಬಂತು. ತುಳಜಾಬಾಯಿಯನ್ನು ಕುರ್ಚಿಯಿಂದ ಎತ್ತಿ ಮರಳಿನ ಮೇಲೆ ಕೂರಿಸಿದರು. ಮುದುಕಿ ಎರಡೂ ಕೈಯಲ್ಲಿ ಮರಳು ಮೊಗೆದಳು, ನೀರು ನೋಡಿದಳು, ಕಣ್ಣು ತುಂಬಿಕೊಂಡಳು. "ಏನ ಚಂದ ಐತೋ ಮೈಲಾರಿ. ಈ ಉಸುಕು, ಈ ಸಮುದ್ರ, ಎಲ್ಲಾ ಚೀಲದಾಗ ತುಂಬಕೊಂಡು ಊರಿಗೆ ಒಯ್ಯಬೇಕನಸ್ತೈತಿ," ಅಂದಳು.

ಬಾಯಿಂದ ಬರುವುದೇ ತಡವಾಗಿತ್ತು. ಕುರ್ಚಿಗೆ ಒಂದು ಚೀಲ ನೇತುಹಾಕಿತ್ತು. ಅದರಲ್ಲಿ ತುಳಜಾಬಾಯಿಯ ಮದುವೆಯ ರೇಷ್ಮೆ ಸೀರೆ ಇತ್ತು. ಸಂಜೆ ಅದನ್ನು ಉಟ್ಟು ಸಮುದ್ರದ ಮುಂದೆ ಫೋಟೋ ತೆಗೆಸಿಕೊಳ್ಳಬೇಕು ಅಂತ ಅಷ್ಟು ದೂರದಿಂದ ತಂದಿದ್ದಳು. ಮೈಲಾರಿ ಮೊದಲು ಮರಳು ತುಂಬಿದ, ಆಮೇಲೆ ಸಮುದ್ರ ತುಂಬಿದ. ಸಮುದ್ರ ಸೋರಿತು, ಮತ್ತೆ ತುಂಬಿದ. ಹಿಡಿಯುವಷ್ಟು ಹಿಡಿಯಲಿ ಅಂತ ಕಾಲಿನಿಂದ ಒತ್ತಿ ಒತ್ತಿ ತುಂಬಿದ.

ಸೀರೆ ಮಾರುವವನ ಕಣ್ಣೆದುರು ಜರಿ ಸೀರೆಗೆ ಉಪ್ಪು ನೀರು. ವಿಠ್ಠಲಸಾ ಬೈಯಲೂ ಇಲ್ಲ. ಹಡಗಿಗೆ ವಾಪಸು ಬಂದ ಮೇಲೆ ಫಕ್ಕೀರವ್ವನನ್ನು ಕರೆದು ಮೆಲ್ಲಗೆ ಹೇಳಿದ. "ನೀ ಇರೂತನಕ ನಿನ್ನ ಕೂಡ ಇರಲಿ. ಆಮ್ಯಾಲಿಂದು ನನ್ನ ಕೈಲೆ ಆಗೂದಿಲ್ಲವ್ವ. ತಪ್ಪು ತಿಳ್ಕೋಬ್ಯಾಡ."

ಬೈದಿದ್ದರೆ ಆಕೆಗೆ ಅಷ್ಟು ನೋವಾಗುತ್ತಿರಲಿಲ್ಲ.

ಮೂರನೇ ದ್ವೀಪದಲ್ಲಿ ಇಳಿದಾಗ ಫಕ್ಕೀರವ್ವ ಮಗನನ್ನು ಒಂದು ತೆಂಗಿನ ಮರದ ಕೆಳಗೆ ಕೂರಿಸಿದಳು. ಇವನ ತಪ್ಪಲ್ಲ, ತಪ್ಪು ತನ್ನದೇ ಅಂತ ಆಕೆಗೆ ಅನ್ನಿಸಿತ್ತು. ತಾನು ಹೇಳುತ್ತಾ ಹೋದಳು, ಇವನು ಕೇಳುತ್ತಾ ಹೋದ. ಹೇಳುವ ಬಾಯಿ ಒಂದು ದಿನ ನಿಂತರೆ ಇವನ ತಲೆ ಓಡೀತೋ ಏನೋ.

"ಮೈಲಾರಿ, ಇವತ್ತ ನಾ ನಿನಗ ಏನೂ ಹೇಳೂದಿಲ್ಲ. ನಾ ಇಲ್ಲ ಅಂತ ತಿಳ್ಕೋ."

"ಇಲ್ಲ ಅಂದ್ರ?"

"ಇಲ್ಲ ಅಂದ್ರ ಇಲ್ಲ. ನಾ ಇಲ್ಲದಾಗ ಏನ ಮಾಡಬೇಕೋ ಅದನ್ನ ನೀನ ಮಾಡು. ಯಾರನ್ನೂ ಕೇಳಬ್ಯಾಡ. ಸಾವಕಾರ್ರು ನೋಡಲಿ."

ಮೈಲಾರಿ ಈ ಸಲ ಹೂಂ ಅನ್ನಲಿಲ್ಲ. ಬಹಳ ಹೊತ್ತು ತಾಯಿಯ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿದ.

ಫಕ್ಕೀರವ್ವ ಎದ್ದು ದಂಡೆಗುಂಟ ನಡೆದಳು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಳು. ನೀರು ಬಂದು ಕಾಲು ತೊಳೆಯಿತು, ಹೋಯಿತು, ಮತ್ತೆ ಬಂತು. ಮಗ ಹುಟ್ಟಿದ ಮೇಲೆ ಅವನು ಎಲ್ಲಿದ್ದಾನೆ ಅಂತ ನೋಡದೆ ಆಕೆ ಇಷ್ಟು ದೂರ ನಡೆದದ್ದೇ ಇಲ್ಲ. ಬಂಡೆಯೊಂದರ ಮರೆಯಲ್ಲಿ ಕೂತಳು. ಮೈ ಹಗುರವಾಯಿತು. ಹಗುರವಾಯಿತಲ್ಲ ಅಂತ ನಾಚಿಕೆಯಾಯಿತು. ತಾನು ಸತ್ತರೂ ಈ ನೀರು ಹೀಗೇ ಬರುತ್ತದೆ, ಹೋಗುತ್ತದೆ. ಸಾವಿಗೆ ಆಕೆ ಹೆದರುತ್ತಿರಲಿಲ್ಲ. ಸತ್ತ ಮರುದಿನ ಮೈಲಾರಿ ಎದ್ದು ಯವ್ವಾ, ಈಗ ಏನ ಮಾಡ್ಲಿ ಅಂತ ಕೇಳುತ್ತಾನಲ್ಲ, ಆ ಮಾತಿಗೆ ಹೆದರುತ್ತಿದ್ದಳು. ಒಬ್ಬಳೇ ಇದ್ದದ್ದರಿಂದ ಮನಸ್ಸು ಬಿಚ್ಚಿ ಅತ್ತಳು. ಅತ್ತು, ಕಣ್ಣು ಹತ್ತಿತು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಗಡಬಡಿಸಿ ಹಿಂದಿರುಗಿದಳು. ದೂರದಲ್ಲಿ ಜನ ಗುಂಪು ಕೂಡಿದ್ದು ಕಂಡು ಬಿರಬಿರನೆ ನಡೆದಳು. ತೆಂಗಿನ ಮರದ ಹಿಂದೆ ಬಂದು ಇಣುಕಿದಳು.

ನಡುವೆ ಮೈಲಾರಿ ಕೂತಿದ್ದ. ತಲೆ ಬೋಳಿಸಿತ್ತು, ಮೀಸೆ ಹೋಗಿತ್ತು. ಮುಳುಗು ಹಾಕಿ ಬಂದ ಒದ್ದೆ ಬಟ್ಟೆಯಲ್ಲೇ ಇದ್ದ. ದಂಡೆಯ ಮೇಲೆ ಪ್ರವಾಸಿಗಳ ಜಡೆ ಹೆಣೆಯುವ ಕಪ್ಪು ಹೆಂಗಸೊಬ್ಬಳು ಕೈಯಲ್ಲಿ ಕ್ಷೌರದ ಕತ್ತಿ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದಳು. ತಾಯಿ ಸತ್ತಳು ಅಂತ ಹೇಳಲು ಭಾಷೆ ಬೇಕಾಗುವುದಿಲ್ಲ. ಮೈಲಾರಿ ಆಕಾಶ ತೋರಿಸಿದ್ದ, ತಲೆ ತೋರಿಸಿದ್ದ, ಆಕೆಗೆ ತಿಳಿದಿತ್ತು. ಅವನ ಮುಂದೆ ಅಗಲವಾದ ಒಂದು ಎಲೆ. ಎಲೆಯ ಮೇಲೆ ಹಡಗಿನಿಂದ ತಂದ ಅನ್ನ, ಬಾಳೆಹಣ್ಣು, ಫಕ್ಕೀರವ್ವ ಊರಿಂದ ಕಟ್ಟಿಕೊಂಡು ಬಂದಿದ್ದ ಶೇಂಗಾ ಚಟ್ನಿ. ಅಪ್ಪ ಹೋದಾಗ ಏನೇನು ಮಾಡಿದ್ದರೋ ಒಂದೂ ಬಿಡದೆ ಮಾಡಿದ್ದ. ಅವ್ವ ಇಲ್ಲದಾಗ ಮಾಡಬೇಕಾದದ್ದು ಅವನಿಗೆ ಗೊತ್ತಿದ್ದದ್ದು ಇದೊಂದೇ.

ಪಕ್ಕದಲ್ಲಿ ಗಾಲಿ ಕುರ್ಚಿಯಲ್ಲಿ ತುಳಜಾಬಾಯಿ ಬಿಕ್ಕುತ್ತಿದ್ದಳು. ಅಷ್ಟರಲ್ಲಿ ವಿಠ್ಠಲಸಾ ದಂಡೆ ಕಾಯುವವರನ್ನು ಕರೆದುಕೊಂಡು ಏದುಸಿರು ಬಿಡುತ್ತಾ ಬಂದ. "ನೀರಾಗೆಲ್ಲ ಹುಡುಕ್ಯಾರಬೇ. ಸಿಗಲಿಲ್ಲ," ಅಂದವನು ಮೈಲಾರಿಯ ಕಡೆ ತಿರುಗಿದ. "ಇನ್ನೊಮ್ಮೆ ಹೇಳೋ. ಫಕ್ಕೀರವ್ವ ಎಲ್ಲಿ?"

"ಇಲ್ರಿ."

"ಇಲ್ಲ ಅಂದ್ರ?"

"ಇಲ್ಲ ಅಂದ್ರ ಇಲ್ರಿ. ಆಕೀನ ಹೇಳಿದ್ಲು."

ಮರದ ಹಿಂದೆ ಫಕ್ಕೀರವ್ವ ಬೊಡ್ಡೆ ಹಿಡಿದುಕೊಂಡು ಅಲ್ಲೇ ನಿಂತಳು.

"ದೊಡ್ಡವ್ವ, ಕಾಗಿ ಬರವಲ್ದು," ಅಂದ ಮೈಲಾರಿ. ಆ ದಂಡೆಯಲ್ಲಿ ಕಾಗೆ ಕಾಣಲಿಲ್ಲ. ಬಿಳಿ ಕಡಲಹಕ್ಕಿಗಳು ಜನರನ್ನು ನೋಡಿ ದೂರದಲ್ಲೇ ಕೂತಿದ್ದವು. ಕಾಗೆ ಎಡೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಅಂತ ಅರ್ಥ. ಇದ್ದವರು ಅದನ್ನು ನಡೆಸುತ್ತೇವೆ ಅಂತ ಮಾತು ಕೊಟ್ಟರೆ ಮುಟ್ಟುತ್ತದೆ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು.

ತುಳಜಾಬಾಯಿ ಮಗನ ಕೈ ಹಿಡಿದಳು. "ಆಕೀ ಜೀವ ಯಾತರ ಮ್ಯಾಲೆ ಐತಿ ನಿನಗ ಗೊತ್ತೈತಿ, ವಿಠ್ಠಲ. ಅಂದುಬಿಡು."

ವಿಠ್ಠಲಸಾ ಬೋಳು ತಲೆಯ ಮೈಲಾರಿಯನ್ನು ನೋಡಿದ. ನಿನ್ನೆ ತಾನು ಆಡಿದ ಮಾತು ನೆನಪಾಯಿತೋ ಏನೋ, ಮರಳಿನ ಮೇಲೆ ಮಂಡಿಯೂರಿದ. "ಫಕ್ಕೀರವ್ವ, ನಿನ್ನ ಮಗ ನಮ್ಮನ್ಯಾಗ ಇರ್ತಾನ. ನಾ ಇರೂತನಕ ನಾ ನೋಡ್ಕೋತೀನಿ, ನನ್ನ ಹಿಂದ ನನ್ನ ಮಕ್ಕಳು ನೋಡ್ಕೋತಾರ. ನೀ ಚಿಂತಿ ಬಿಡವ್ವ," ಅಂದ. ಅವನ ದನಿ ಒಡೆದಿತ್ತು.

ಫಕ್ಕೀರವ್ವ ಮರದ ಹಿಂದಿನಿಂದ ಬಂದಳು. ಗುಂಪು ಸೀಳಿಕೊಂಡು ನಡೆದಳು. ತುಳಜಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು, ಸಾವಕಾರ ಕೂತಲ್ಲೇ ಹಿಂದಕ್ಕೆ ಬಿದ್ದ. ಆಕೆ ಯಾರನ್ನೂ ನೋಡದೆ ಮಗನ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಎಲೆಯ ಮೇಲಿನ ಅನ್ನಕ್ಕೆ ಚಟ್ನಿ ಕಲಸಿ ಒಂದು ತುತ್ತು ಬಾಯಿಗೆ ಇಟ್ಟುಕೊಂಡಳು.

"ಏನಿದು ನಾಟಕ?" ಸಾವಕಾರನಿಗೆ ಜೀವ ಬಂತು, ಜೀವದ ಜೊತೆ ಸಿಟ್ಟೂ ಬಂತು. "ಹಂಗಾರ ನಾ ಅಂದದ್ದು..."

"ಎಡೀ ಮುಂದ ಅಂದದ್ದು, ವಿಠ್ಠಲ," ಅಂದಳು ತುಳಜಾಬಾಯಿ. "ಹಿಂದ ತಗೊಳ್ಳಾಕ ಬರೂದಿಲ್ಲ."

ಸಾವಕಾರ ಮತ್ತೇನೋ ಹೇಳಲು ಬಾಯಿ ತೆರೆದ. ಮೈಲಾರಿ ತುಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ಸನ್ನೆ ಮಾಡಿದ.

"ಸುಮ್ಮನಿರ್ರಿ ಸಾವಕಾರ್ರ. ಕಾಗಿ ತಿನ್ನಾಕತ್ತೈತಿ, ಹಾರಿ ಹೋದೀತು."

ಎಲ್ಲರೂ ಸುಮ್ಮನಾದರು. ಫಕ್ಕೀರವ್ವ ಕಣ್ಣೀರು ಒರೆಸಿಕೊಳ್ಳದೆ, ಎಲೆಯ ಮೇಲೆ ಒಂದು ಅಗುಳೂ ಬಿಡದೆ ತಿಂದಳು.